ಜೆನಿಫಾಳ ಇಂಗ್ಲಿಷ್, ಅಕಿಂಡೆಲೆಯ ಗಲ್ಲಾಪೆಟ್ಟಿಗೆ

ಸುಲಿಯಾತ್ ಎಂಬ ಹಳ್ಳಿ ಹುಡುಗಿ ವಿಶ್ವವಿದ್ಯಾಲಯ ಸೇರುತ್ತಾಳೆ. ಪೇಟೆಯ ಹುಡುಗಿಯರ ನಡುವೆ ತನ್ನ ಹೆಸರೇ ಅವಳಿಗೆ ಮುಜುಗರ. ಜೆನಿಫಾ ಎಂದು ಬದಲಿಸಿಕೊಳ್ಳುತ್ತಾಳೆ. ಇಂಗ್ಲಿಷನ್ನು ಮನಬಂದಂತೆ ಮುರಿದು, ತಾಯ್ನುಡಿ ಯೊರುಬಾ ಬೆರೆಸಿ, ಒಂದಿಷ್ಟೂ ಅಳುಕದೆ ದೊಡ್ಡ ದನಿಯಲ್ಲಿ ಮಾತಾಡುತ್ತಾಳೆ. 2008ರ ‘ಜೆನಿಫಾ’ ಚಿತ್ರ ನೋಡಿದ ನೈಜೀರಿಯಾದ ಜನ ಬಿದ್ದು ಬಿದ್ದು ನಕ್ಕರು. ಕಥೆ ಮಾತ್ರ ನಗುವಿನಲ್ಲಿ ಮುಗಿಯುವುದಿಲ್ಲ. ಹಣವಂತರ ಸಹವಾಸಕ್ಕೆ ಬಿದ್ದ ಹುಡುಗಿಗೆ ಎಚ್‌ಐವಿ ತಗಲುತ್ತದೆ. ಈ ನೀತಿಪಾಠ ತುಸು ಒರಟಾಯಿತು ಅನ್ನಿಸಿದರೂ ಜೆನಿಫಾ ಮರೆಯುವ ಪಾತ್ರವಲ್ಲ. ಅದನ್ನು ಬರೆದು ನಟಿಸಿದ ಫುಂಕೆ ಅಕಿಂಡೆಲೆಗೆ 2009ರ ಆಫ್ರಿಕಾ ಮೂವಿ ಅಕಾಡೆಮಿ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

ತಮಾಷೆಯೆಂದರೆ, ಪರದೆಯ ಮೇಲೆ ಇಂಗ್ಲಿಷ್ ಬಾರದೆ ಒದ್ದಾಡುವ ಈ ನಟಿ ಲೇಗೋಸ್ ವಿಶ್ವವಿದ್ಯಾಲಯದ ಕಾನೂನು ಪದವೀಧರೆ. ಹುಟ್ಟಿದ್ದು 1977ರಲ್ಲಿ, ಲೇಗೋಸ್ ರಾಜ್ಯದ ಇಕೊರೊಡುವಿನಲ್ಲಿ. ತಾಯಿ ವೈದ್ಯೆ, ತಂದೆ ಶಾಲಾ ಮುಖ್ಯಸ್ಥರು. ಹದಿಹರೆಯದವರಿಗೆ ಆರೋಗ್ಯದ ಅರಿವು ಮೂಡಿಸಲು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಪ್ರಾಯೋಜಿಸಿದ್ದ ‘ಐ ನೀಡ್ ಟು ನೋ’ ಧಾರಾವಾಹಿಯಲ್ಲಿ ಬಿಸಿ ಎಂಬ ಶಾಲಾ ಹುಡುಗಿಯಾಗಿ 1998ರಿಂದ ಕಾಣಿಸಿಕೊಂಡಾಗ ಜನ ಮೊದಲು ಗುರುತಿಸಿದರು. ಆಮೇಲೆ ವರ್ಷಗಟ್ಟಲೆ ಯೊರುಬಾ ವಿಡಿಯೊ ಚಿತ್ರಗಳ ದುಡಿಮೆ.

ಆ ಚಿತ್ರಗಳ ಬೇರು ರಂಗಭೂಮಿಯಲ್ಲಿದೆ. ಹ್ಯೂಬರ್ಟ್ ಒಗುಂಡೆ 1940ರ ದಶಕದಲ್ಲಿ ಕಟ್ಟಿದ ವೃತ್ತಿಪರ ತಂಡದ ಜಾಡಿನಲ್ಲೇ ಹಾಡು, ಕುಣಿತ, ಹಾಸ್ಯ ಹೊತ್ತು ಊರೂರು ತಿರುಗುವ ನಾಟಕ ಕಂಪನಿಗಳು ಯೊರುಬಾ ನಾಡಿನ ತುಂಬ ಹುಟ್ಟಿಕೊಂಡವು. 1976ರಲ್ಲಿ ಓಲಾ ಬಲೋಗುನ್ ‘ಅಜಾನಿ ಒಗುನ್’ ನಿರ್ದೇಶಿಸಿದಾಗ ಕಂಪನಿ ನಟರು ಸಿನಿಮಾಕ್ಕೆ ಬಂದರು. ಒಗುಂಡೆ ಸ್ವತಃ ‘ಆಯೆ’ ತೆಗೆದರು. 80ರ ದಶಕದಲ್ಲಿ ದೇಶದ ಆರ್ಥಿಕತೆ ಕುಸಿದು ಸೆಲ್ಯುಲಾಯ್ಡ್ ಕೈಗೆಟುಕದಾದಾಗ ಅದೇ ಮಂದಿ ವಿಎಚ್‌ಎಸ್ ಕ್ಯಾಮೆರಾ ಹಿಡಿದರು. ಲೇಗೋಸಿನ ಇಡುಮೊಟಾ ಮಾರುಕಟ್ಟೆಯ ವರ್ತಕರೇ ವಿತರಕರಾದರು. ಅಸಲಿ ಕ್ಯಾಸೆಟ್ ಅಂಗಡಿಗೆ ಬಂದ ಬೆನ್ನಿಗೇ ನಕಲಿಯೂ ಹಾಜರು. ದುಡಿದವರ ಕೈಗೆ ಸಿಕ್ಕಿದ್ದು ಕಡಿಮೆ. ಇಂಗ್ಲಿಷ್ ಚಿತ್ರಗಳ ಮಂದಿ ‘ಯೊರುಬಾದವರ ಸಿನಿಮಾ’ ಎಂದು ಮೂಗು ಮುರಿಯುತ್ತಿದ್ದುದೂ ಉಂಟು. ಗದ್ದಲ ಜಾಸ್ತಿ, ನಾಜೂಕು ಕಡಿಮೆ ಎಂಬುದು ದೂರು.

ಅಕಿಂಡೆಲೆ ಈ ಗದ್ದಲವನ್ನು ತಿದ್ದಲು ಹೋಗಲಿಲ್ಲ. ಅದನ್ನೇ ಹೊತ್ತು ಮಲ್ಟಿಪ್ಲೆಕ್ಸಿಗೆ ನಡೆದರು. ಆಕೆಯ ವೃತ್ತಿಬದುಕಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ‘ಜೆನಿಫಾಸ್ ಡೈರಿ’ ಟಿವಿ ಸರಣಿಯಲ್ಲಿ ಆಯೆತೊರೊ ಹಳ್ಳಿಯ ಆ ಹುಡುಗಿ ಲೇಗೋಸಿನ ಸಲೂನಿನಲ್ಲಿ ಕೂದಲು ಹೆಣೆಯುವ ಕೆಲಸಕ್ಕೆ ಸೇರಿದಳು. ಇಲ್ಲಿ ಉಪದೇಶ ಹಿಂದೆ ಸರಿದು ತಮಾಷೆ ಮುಂದೆ ಬಂತು, ಒಳ್ಳೆಯದೇ ಆಯಿತು. ‘ಒಮೊ ಘೆಟ್ಟೊ: ದಿ ಸಾಗಾ’ದಲ್ಲಿ ಕೊಳೆಗೇರಿಯ ಪುಂಡಿ ಲೆಫ್ಟಿ ಮತ್ತು ಅವಳ ಸಭ್ಯ ಅವಳಿ, ಎರಡೂ ಅಕಿಂಡೆಲೆಯೇ. 2020ರ ಕ್ರಿಸ್‌ಮಸ್ ದಿನ, ಕೋವಿಡ್ ಭಯದ ನಡುವೆ ತೆರೆಕಂಡ ಆ ಚಿತ್ರ 63.6 ಕೋಟಿ ನೈರಾ ಗಳಿಸಿ ನೈಜೀರಿಯನ್ ಚಿತ್ರಗಳ ಅಲ್ಲಿಯವರೆಗಿನ ದಾಖಲೆ ಮುರಿಯಿತು. 2022ರ ‘ಬ್ಯಾಟಲ್ ಆನ್ ಬುಕಾ ಸ್ಟ್ರೀಟ್’ನಲ್ಲಿ ಒಬ್ಬನೇ ಅಪ್ಪನ, ಬೇರೆ ಬೇರೆ ತಾಯಂದಿರ ಹೆಣ್ಣುಮಕ್ಕಳಿಬ್ಬರು ಒಂದೇ ಬೀದಿಯಲ್ಲಿ ಖಾನಾವಳಿ ಇಟ್ಟು ಕಾದಾಡುತ್ತಾರೆ. ಅದು ಈ ದಾಖಲೆಯನ್ನೂ ದಾಟಿತು.

ಆಮೇಲೆ 2023ರ ಡಿಸೆಂಬರಿನಲ್ಲಿ ‘ಎ ಟ್ರೈಬ್ ಕಾಲ್ಡ್ ಜುಡಾ’. ಐದು ಗಂಡುಮಕ್ಕಳ ತಾಯಿ ಜೆಡಿಡಾ. ಮಕ್ಕಳ ಅಪ್ಪಂದಿರೂ ಐವರು, ಬೇರೆ ಬೇರೆ ಜನಾಂಗದವರು. ತಾಯಿಯ ಮೂತ್ರಪಿಂಡದ ಚಿಕಿತ್ಸೆಗೆ ದುಡ್ಡಿಲ್ಲದೆ ಮಕ್ಕಳು ದರೋಡೆಗಿಳಿಯುತ್ತಾರೆ. ಜನಾಂಗಗಳ ಹೆಸರಲ್ಲಿ ಕಚ್ಚಾಡುವ ದೇಶವನ್ನು ಒಂದೇ ಮನೆಯೊಳಗೆ ಕೂಡಿಹಾಕಿ, ಒಂದೇ ತಾಯಿಯ ಬೈಗುಳಕ್ಕೆ ತಲೆಬಾಗಿಸಿದ ಜಾಣತನ ಇದು. ದೇಶದೊಳಗಿನ ಗಳಿಕೆಯಲ್ಲೇ ನೂರು ಕೋಟಿ ನೈರಾ ದಾಟಿದ ಮೊದಲ ನೈಜೀರಿಯನ್ ಚಿತ್ರವೂ ಇದೇ. ಮರುವರ್ಷದ ‘ಎವ್ರಿಬಡಿ ಲವ್ಸ್ ಜೆನಿಫಾ’ ಅದನ್ನೂ ಮೀರಿತು.

ನೂರು ಕೋಟಿ ಎಂದಾಗ ನಮ್ಮ ಕಿವಿ ನೆಟ್ಟಗಾಗುತ್ತದೆ. ಆದರೆ 2023ರಲ್ಲಿ ನೈರಾ ಬೆಲೆ ಪಾತಾಳಕ್ಕಿಳಿದಿತ್ತು. ನಮ್ಮ ಲೆಕ್ಕಕ್ಕೆ ಅದು ಹತ್ತು ಕೋಟಿ ರೂಪಾಯಿಯ ಆಸುಪಾಸು. ಟಿಕೆಟ್ ದರ ಏರಿದ್ದೂ ಆ ಅಂಕಿಯನ್ನು ಉಬ್ಬಿಸಿದೆ. ಹಾಗೆಂದು ಸಾಧನೆ ಸಣ್ಣದಾಗದು. ಇಪ್ಪತ್ತು ಕೋಟಿಗೂ ಮೀರಿದ ಜನರ ಆ ದೇಶದಲ್ಲಿ ಚಿತ್ರಮಂದಿರಗಳು ತೀರಾ ಕಡಿಮೆ, ಇರುವವೂ ಹೆಚ್ಚಾಗಿ ದೊಡ್ಡ ನಗರಗಳ ಮಾಲ್‌ಗಳಲ್ಲಿ. ಆ ಮಾಲ್‌ಗಳಿಗೆ ಜನರನ್ನು ಎಳೆಯಲು ಅಕಿಂಡೆಲೆ ತಿಂಗಳುಗಟ್ಟಲೆ ಇನ್‌ಸ್ಟಾಗ್ರಾಮಿನಲ್ಲಿ ಕುಣಿಯುತ್ತಾರೆ, ಪಾತ್ರದ ವೇಷದಲ್ಲೇ ತಮಾಷೆ ವಿಡಿಯೊ ಬಿಡುತ್ತಾರೆ, ಬಿಡುಗಡೆಯಾದ ಮೇಲೆ ಚಿತ್ರಮಂದಿರಗಳಿಗೇ ಹೋಗಿ ಪ್ರೇಕ್ಷಕರ ನಡುವೆ ನಿಲ್ಲುತ್ತಾರೆ.

ಎಡವಿದ್ದೂ ಇದೆ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಸಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಸಮುದಾಯ ಸೇವೆಯ ಶಿಕ್ಷೆಯೂ ಆಯಿತು. 2023ರಲ್ಲಿ ಪಿಡಿಪಿ ಪಕ್ಷದಿಂದ ಲೇಗೋಸ್ ರಾಜ್ಯದ ಉಪ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. ಅಭಿಮಾನಿಗಳ ನಗು ಮತವಾಗಲಿಲ್ಲ. ಆದರೆ ‘ಜುಡಾ’ ಬಂದದ್ದು ಅದೇ ವರ್ಷದ ಕೊನೆಗೆ.

ಈಗ ಡಿಸೆಂಬರ್ ಬಂದರೆ ಲೇಗೋಸಿನಲ್ಲಿ ಪೈಪೋಟಿ ಯೊರುಬಾ ಚಿತ್ರಗಳಿಂದ ಬಂದ ನಟಿ-ನಿರ್ಮಾಪಕಿಯರ ನಡುವೆಯೇ. ‘ಜುಡಾ’ ತೆರೆಕಂಡ ಹಬ್ಬದ ದಿನಗಳಲ್ಲೇ ಟೋಯಿನ್ ಅಬ್ರಹಾಂ ‘ಮಲೈಕಾ’ ಹಿಡಿದು ಬಂದರು, ಮರ್ಸಿ ಐಗ್ಬೆ ‘ಅದಾ ಒಮೊ ಡ್ಯಾಡಿ’ ತಂದರು. ಮರುವರ್ಷವೂ ಮೂವರ ಚಿತ್ರಗಳು ಅದೇ ಪರದೆಗಳಿಗಾಗಿ ಸೆಣಸಿದವು.