ವಿಮಾನದ ಬ್ರೇಕಿನೊಳಗಿನ ಗಾಳಿ
ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನದಲ್ಲಿ ಚಾಲಕನು ಪಾದದ ತುದಿಯಿಂದ ಪೆಡಲನ್ನೊತ್ತಲು, ಕೊಳವೆಯೊಳಗಿನ ಎಣ್ಣೆಯು ಆ ಒತ್ತಡವನ್ನು ಗಾಲಿಯ ಬ್ರೇಕಿಗೆ ಮುಟ್ಟಿಸುವುದು. ಎಣ್ಣೆಯು ಕುಗ್ಗದು, ಗಾಳಿಯಾದರೋ ಕುಗ್ಗುವುದೆಂಬುದನ್ನು ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿನೋಡಿದ ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಆದುದರಿಂದ ಎಣ್ಣೆಯಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗುವುದು. ಪದೇ ಪದೇ ತುಳಿದರೆ ಗಟ್ಟಿಯಾದಂತೆ ತೋರುವುದುಂಟು. ಅದನ್ನು ನಂಬಿ ಹಾರಕೂಡದು. ಎಡಬಲದ ಬ್ರೇಕುಗಳು ಬೇರೆಬೇರೆಯಾಗಿರುವುದರಿಂದ, ಒಂದು ಸೋತರೆ ನೆಲಕ್ಕಿಳಿದ ವಿಮಾನವು ಪಕ್ಕಕ್ಕೆ ತಿರುಗಿಬಿಡುವುದು.

ಸೋರುವ ರಬ್ಬರ್ ಉಂಗುರವನ್ನು ಮೊದಲು ಬದಲಿಸತಕ್ಕದ್ದು. ಗುಳ್ಳೆಯು ಮೇಲೇರುವ ಸ್ವಭಾವದ್ದಾದ ಕಾರಣ, ಗಾಲಿಯ ಬಳಿಯ ತಿರುಪನ್ನು ಸಡಿಲಿಸಿ, ಅಲ್ಲಿಂದ ಪಂಪಿನ ಮೂಲಕ ಹೊಸ ಎಣ್ಣೆಯನ್ನು ಮೇಲಕ್ಕೆ ತಳ್ಳುವರು. ಮೇಲಿನ ಪಾತ್ರೆಗೆ ಗುಳ್ಳೆಯಿಲ್ಲದ ಎಣ್ಣೆ ಬರುವ ತನಕ ನಿಲ್ಲಿಸರು. ಕಾರಿನ ಬ್ರೇಕ್ ಎಣ್ಣೆಯನ್ನು ಹೊಯ್ಯಲೇಕೂಡದು. 5606 ಸಂಖ್ಯೆಯ ಕೆಂಪು ಎಣ್ಣೆಗೆ ಒಗ್ಗಿದ ಉಂಗುರಗಳು ಅದರಿಂದ ಕೆಡುವುವು. ಪೆಡಲು ಮೊದಲನೆಯ ಒತ್ತಿಗೇ ಗಟ್ಟಿಯಾಗಿ ನಿಂತರೆ ಕೆಲಸವಾಯಿತು.