ದಿನಕ್ಕೆ ಒಂದೂವರೆ ಕಟ್

'ಅಪೋಕ್ಯಾಲಿಪ್ಸ್ ನೌ' ಸಿನಿಮಾಕ್ಕೆ ನಿರ್ದೇಶಕ ಕೊಪ್ಪೊಲಾ ಶೂಟ್ ಮಾಡಿದ್ದು 230 ಗಂಟೆಗೂ ಹೆಚ್ಚು. 1979ರಲ್ಲಿ ನಾವು ತೆರೆ ಮೇಲೆ ನೋಡಿದ್ದು? ಸುಮಾರು ಎರಡೂವರೆ ಗಂಟೆ. ಮಿಕ್ಕದ್ದೆಲ್ಲ ಎಡಿಟಿಂಗ್ ಕೋಣೆಯಲ್ಲೇ ಉಳೀತು.

ಅದರ ಎಡಿಟರ್‌ಗಳಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಆಮೇಲೆ ಲೆಕ್ಕ ಹಾಕಿದರು: ಒಬ್ಬ ಎಡಿಟರ್‌ಗೆ ದಿನಕ್ಕೆ ಬರೀ 1.47 ಕಟ್! ಸೋಮಾರಿಗಳಾ? ಅಲ್ಲ ಮಾರಾಯ್ರೇ. ಒಂದು ಕಟ್ ಉಳಿಸಿಕೊಳ್ಳೋಕೆ ಹತ್ತಾರು ಕಟ್ ಮಾಡಿ, ನೋಡಿ, ಬಿಚ್ಚಿಹಾಕಬೇಕು.

ಕಟ್ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ? ಮರ್ಚ್ ಕೊಟ್ಟ ಸೂತ್ರದಲ್ಲಿ ನೂರಕ್ಕೆ 51 ಅಂಕ ಭಾವನೆಗೆ, 23 ಕಥೆಗೆ. ಕೋಣೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಅನ್ನೋದಕ್ಕೆ ಬರೀ 4. ಪ್ರೇಕ್ಷಕ ಅಳ್ತಾ ಇದ್ದರೆ ಲೋಟ ಯಾವ ಕೈಯಲ್ಲಿತ್ತು ಅಂತ ನೋಡೋದಿಲ್ಲ.

ಧಾರಾವಾಹಿಯಲ್ಲಿ ಗುಡುಗಿನ ಸದ್ದಿನ ಜೊತೆ ಅತ್ತೆ ಮುಖ ಮೂರು ಸಲ ಬರುತ್ತಲ್ಲ, ಅದೂ ಎಡಿಟಿಂಗೇ. ನಗಬೇಡಿ, ಅಲ್ಲಿ ಕಟ್ ಬಿಚ್ಚಿ ಮತ್ತೆ ಮಾಡೋಕೆ ಪುರುಸೊತ್ತಿಲ್ಲ; ಎಪಿಸೋಡ್ ಪ್ರಸಾರದ ಗಂಟೆ ಯಾರಿಗೂ ಕಾಯಲ್ಲ.

ಈ ಕೆಲಸಕ್ಕೆ ದಾರಿ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐನಲ್ಲಿ ಎಡಿಟಿಂಗ್ ಕೋರ್ಸ್ ಇದೆ. ಬಹಳ ಮಂದಿ ಅಸಿಸ್ಟೆಂಟ್ ಆಗಿ ಶುರು ಮಾಡ್ತಾರೆ: ಫುಟೇಜ್ ಕಾಪಿ ಮಾಡೋದು, ಸೌಂಡ್ ಸಿಂಕ್ ಮಾಡೋದು, ಟೇಕ್‌ಗಳಿಗೆ ಹೆಸರು ಕೊಟ್ಟು ಜೋಡಿಸಿಡೋದು. ಬೇಜಾರಿನ ಕೆಲಸವೇ. ಆದರೆ ಯಾವ ಟೇಕ್‌ನಲ್ಲಿ ನಟಿಯ ಕಣ್ಣು ನಿಜವಾಗಿ ತುಂಬಿತ್ತು ಅನ್ನೋದು ಅವರಿಗೇ ಮೊದಲು ಗೊತ್ತು.

ಇನ್ನೊಂದು ದಾರಿಯೂ ಇದೆ. ಉಜ್ವಲ್ ಕುಲಕರ್ಣಿ ಅಭಿಮಾನಿ ವಿಡಿಯೊಗಳನ್ನ ಎಡಿಟ್ ಮಾಡ್ತಿದ್ದ ಹುಡುಗ. ನಿರ್ದೇಶಕ ಪ್ರಶಾಂತ್ ನೀಲ್ ಕಣ್ಣಿಗೆ ಬಿದ್ದರು. ಉಜ್ವಲ್ ಎಡಿಟ್ ಮಾಡಿದ 'ಕೆಜಿಎಫ್: ಚಾಪ್ಟರ್ 2' 2022ರಲ್ಲಿ ಬಿಡುಗಡೆಯಾದಾಗ ಅವರ ವಯಸ್ಸು ಇಪ್ಪತ್ತರ ಆಸುಪಾಸು.