ಮಿಲ್ಲಿಂಗ್ ಯಂತ್ರದಲ್ಲಿ ಉಪಕರಣದ ಹಿಡಿತ

ಕೊಡಲಿಯ ಕಾವಿಗೆ ಬೆಣೆ ಹೊಡೆಯತಕ್ಕವನು ತೆಳ್ಳನೆಯ ಬೆಣೆಯನ್ನೇ ಆರಿಸಿಕೊಳ್ಳುತ್ತಾನೆ. ಅದು ಹೊಕ್ಕಲ್ಲಿಯೇ ನಿಲ್ಲುವುದು. ಮೊಂಡ ಬೆಣೆಯಾದರೋ ಹೊಡೆದಷ್ಟೂ ಹಿಂದಕ್ಕೆ ಚಿಮ್ಮುವುದು. ಲೋಹವನ್ನು ಕೊರೆಯುವ ಯಂತ್ರಗಳಲ್ಲಿ ಉಪಕರಣವನ್ನು ಹಿಡಿದಿಡುವ ವಿಚಾರಕ್ಕೂ ಇದೇ ತತ್ತ್ವ ಮೂಲವಾಗಿದೆ.

1863ರಲ್ಲಿ ತಿರುಚು ಬೈರಿಗೆಗೆ ಪೇಟೆಂಟ್ ಪಡೆದ ಅಮೆರಿಕದ ಸ್ಟೀಫನ್ ಮೋರ್ಸನ ಹೆಸರಿನಿಂದ ಪ್ರಸಿದ್ಧವಾದ ಶಂಕುವನ್ನು ಮೊದಲು ನೋಡೋಣ. ಬೈರಿಗೆಯ ಬುಡವೂ, ಅದು ಕೂಡುವ ಸ್ಪಿಂಡಲಿನ ಕುಳಿಯೂ ಒಂದೇ ಓರೆಯವು. ಸುಮಾರು 20 ಅಂಗುಲ ಉದ್ದಕ್ಕೆ 1 ಅಂಗುಲದಂತೆ ವ್ಯಾಸ ಕುಗ್ಗುವುದರಿಂದ, ಅಕ್ಷಕ್ಕೆ ಮೈಯ ಓರೆ ಒಂದೂವರೆ ಡಿಗ್ರಿಯಷ್ಟೇ. ತೆಳ್ಳನೆಯ ಬೆಣೆಯಂತೆ ಇದು ಘರ್ಷಣೆಯೊಂದರಿಂದಲೇ ನಿಲ್ಲುತ್ತದೆ. ರಂಧ್ರ ಕೊರೆಯುವಾಗಿನ ಒತ್ತಡವೂ ಇದನ್ನು ಕುಳಿಯೊಳಕ್ಕೇ ತಳ್ಳುವುದು.

ಮಿಲ್ಲಿಂಗ್ ಯಂತ್ರದ ಪರಿಸ್ಥಿತಿ ಹಾಗಲ್ಲ. ಹಲವು ಹಲ್ಲುಗಳ ಕಟ್ಟರು ಸುತ್ತುತ್ತ ಲೋಹವನ್ನು ಪಕ್ಕದಿಂದ ಸವರುತ್ತದೆ. ಹಲ್ಲೊಂದು ತಾಗಿದಾಗಲೆಲ್ಲ ಕಂಪನ. ಅಲ್ಲದೆ ಸಾಮಾನ್ಯವಾಗಿ ಬಳಸುವ ಸುರುಳಿ ಹಲ್ಲುಗಳು ಲೋಹದ ಚೂರನ್ನು ಮೇಲಕ್ಕೆತ್ತುತ್ತ, ತಮ್ಮನ್ನು ತಾವೇ ಕುಳಿಯಿಂದ ಕೆಳಕ್ಕೆಳೆದುಕೊಳ್ಳುವುವು. ಕೂದಲೆಳೆಯಷ್ಟು ಜಾರಿದರೂ ಬಹು ಶ್ರಮದಿಂದ ಸಿದ್ಧವಾಗುತ್ತಿದ್ದ ಅಚ್ಚು ಕೆಡುವುದು. ಪೂರ್ತಿ ಕಳಚಿದರೆ ಕೆಲಸಗಾರನ ದೇಹಕ್ಕೇ ಅಪಾಯ. ಆದಕಾರಣ ಘರ್ಷಣೆಯನ್ನು ಮಾತ್ರ ನಂಬದೆ, ಸ್ಪಿಂಡಲಿನ ಟೊಳ್ಳಿನಲ್ಲಿ ಉದ್ದನೆಯ ಸರಳೊಂದನ್ನಿಳಿಸಿ, ಉಪಕರಣದ ಬುಡಕ್ಕೆ ತಿರುಪಿನಿಂದ ಕೂಡಿಸಿ ಮೇಲಕ್ಕೆಳೆದು ಬಿಗಿಯತಕ್ಕುದು. ಇದಕ್ಕೆ ಡ್ರಾಬಾರ್ ಎಂದು ಹೆಸರು.

ಸರಳು ಎಳೆದು ಹಿಡಿಯುವುದಾದ ಮೇಲೆ ಶಂಕು ತಾನಾಗಿ ಕಚ್ಚಿಕೊಳ್ಳಬೇಕಾದ ಅಗತ್ಯವೇನು? ಕಚ್ಚಿಕೊಂಡುದನ್ನು ಬಿಡಿಸಲು ಸುತ್ತಿಗೆಯ ಪೆಟ್ಟು ಬೇಕು. ಪೆಟ್ಟಿನಿಂದ ಬೇರಿಂಗಿಗೆ ಹಾನಿ. ಆದ್ದರಿಂದಲೇ ಮಿಲ್ಲಿಂಗ್ ಯಂತ್ರಗಳಲ್ಲಿ 24ಕ್ಕೆ 7ರಂತೆ ಕುಗ್ಗುವ ಕಡಿದಾದ ಶಂಕು ರೂಢಿಗೆ ಬಂದಿತು. ಅದರ ಓರೆ ಅಕ್ಷಕ್ಕೆ ಎಂಟು ಡಿಗ್ರಿಗೂ ಮಿಕ್ಕದ್ದು. ಅದು ಮೊಂಡ ಬೆಣೆ. ಸರಳು ಸಡಿಲಿದೊಡನೆ ಸುಲಭವಾಗಿ ಬಿಡುವುದು. ಇಲ್ಲಿ ಶಂಕುವಿನ ಕೆಲಸ ಉಪಕರಣವನ್ನು ನಡುವಿನಲ್ಲಿ ನೆಟ್ಟಗೆ ನಿಲ್ಲಿಸುವುದು, ಹಿಡಿಯುವುದು ಸರಳು, ತಿರುಗಿಸುವ ಬಲವನ್ನು ಸ್ಪಿಂಡಲಿನ ಮುಖದ ಕೀಲಿಗಳು ದಾಟಿಸುವುವು. ದೌರ್ಬಲ್ಯವೆಂದು ತೋರುವುದನ್ನೇ ಗುಣವಾಗಿಸಿದ ಈ ಯೋಜನೆ ನನಗೆ ಬಹು ಜಾಣ್ಮೆಯದಾಗಿ ಕಾಣುತ್ತದೆ.

ಗಣಕ ನಿಯಂತ್ರಿತ ಯಂತ್ರಗಳಲ್ಲಿ ತಟ್ಟೆಯಾಕಾರದ ಸ್ಪ್ರಿಂಗುಗಳ ಸಾಲು ಸರಳನ್ನು ಸದಾ ಎಳೆದಿಡುವುದು. ಶಕ್ತಿಯನ್ನು ವ್ಯಯಿಸುವುದು ಬಿಡಿಸುವುದಕ್ಕೆ. ವಿದ್ಯುತ್ತು ನಿಂತರೂ ಹಿಡಿತ ತಪ್ಪದು.

ಅತಿವೇಗದಲ್ಲಿ ಮಾತ್ರ ಹೊಸ ತೊಡಕುಂಟು. ಸ್ಪಿಂಡಲಿನ ಬಾಯಿ ಕೇಂದ್ರಾಪಗಾಮಿ ಬಲದಿಂದ ಹಿಗ್ಗಿ, ಕಡಿದಾದ ಶಂಕು ಒಳಕ್ಕೆ ಸರಿಯುವುದು; ಕೊರೆತದ ಆಳ ವ್ಯತ್ಯಾಸವಾಗುವುದು. ಜರ್ಮನಿಯಲ್ಲಿ ರೂಪುಗೊಂಡ ಎಚ್.ಎಸ್.ಕೆ. ಎಂಬ ಟೊಳ್ಳು ಶಂಕುವಿನಲ್ಲಿ ಓರೆ 10ಕ್ಕೆ 1. ಅದರ ಚಪ್ಪಟೆ ಅಂಚು ಸ್ಪಿಂಡಲಿನ ಮುಖಕ್ಕೆ ತಾಗಿ ನಿಲ್ಲುವುದರಿಂದ ಒಳಕ್ಕೆ ಸರಿಯಲಾರದು. ಒಳಗಿನಿಂದ ಹಿಡಿಯುವ ಬೆರಳುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ ಮತ್ತಷ್ಟು ಬಿಗಿಯುವುವು.

ಇಷ್ಟೆಲ್ಲ ಇದ್ದರೂ ಕುಳಿಯಲ್ಲಿ ಲೋಹದ ಒಂದು ಎಳೆ ಸಿಲುಕಿದರೆ ಶಂಕು ಓರೆಯಾಗಿ ಕೂಡುವುದು. ಉಪಕರಣವನ್ನು ಏರಿಸುವ ಮುನ್ನ ಕೆಲಸಗಾರನು ಎರಡು ಮೈಗಳನ್ನೂ ಬಟ್ಟೆಯಿಂದ ಒರೆಸುವುದು ಇದಕ್ಕಾಗಿಯೇ.